ರೇಸಿಗೆ ಮುಂಚಿನ ವಾರಗಳು, 1920

ಓಟಗಾರರ ವಾಟ್ಸಾಪ್ ಗ್ರೂಪಿನಲ್ಲಿ ಇರೋರಿಗೆ ಗೊತ್ತು. ರೇಸಿಗೆ ಹತ್ತು ದಿನ ಇದೆ ಅನ್ನುವಾಗ ಎಲ್ಲರ ಬಾಯಲ್ಲೂ ಒಂದೇ ಮಂತ್ರ: ರೇಸ್ ದಿನ ಹೊಸದೇನೂ ಬೇಡ. ಹೊಸ ಶೂ ಬೇಡ, ಹೊಸ ಸಾಕ್ಸ್ ಬೇಡ, ಎಕ್ಸ್‌ಪೋದಲ್ಲಿ ಪುಕ್ಕಟೆ ಸಿಕ್ಕ ಜೆಲ್ ಅಂತೂ ಬೇಡವೇ ಬೇಡ. ವೈಟ್‌ಫೀಲ್ಡಿನ ಐಟಿಪಿಎಲ್ ರಸ್ತೆಯಲ್ಲಿ ಕ್ಯಾಬು, ನೀರಿನ ಟ್ಯಾಂಕರು ತುಂಬಿಕೊಳ್ಳೋಕೆ ಮುಂಚೆ, ಬೆಳಿಗ್ಗೆ ಐದಕ್ಕೇ ಓಡುವ ನಮ್ಮ ಜನ ಕೊನೆಯ ಎರಡು ವಾರ ದೂರ ಕಡಿಮೆ ಮಾಡ್ತಾರೆ. ಅದಕ್ಕೆ ಟೇಪರ್ ಅಂತ ಹೆಸರು. ಕೊನೆಯ ಎರಡು ದಿನ ಅನ್ನ, ಇಡ್ಲಿ ಸ್ವಲ್ಪ ಜಾಸ್ತಿ. ಹಿಂದಿನ ರಾತ್ರಿ ಟೀಶರ್ಟಿಗೆ ಬಿಬ್ ಪಿನ್ ಮಾಡಿ, ವಾಚ್ ಚಾರ್ಜಿಗೆ ಹಾಕಿ, ಎಲ್ಲ ಸಾಲಾಗಿ ಜೋಡಿಸಿ ಒಂದು ಫೋಟೋ. ಆಮೇಲೆ ನಿದ್ದೆ ಬರಲ್ಲ, ಅದು ಬೇರೆ ಮಾತು.

ಈ ಮಂತ್ರ ಪಾಲಿಸೋಕೆ ದಾರಿಯೇ ಇಲ್ಲದಿದ್ದ ಓಟಗಾರರೊಬ್ಬರು ನಮ್ಮಲ್ಲೇ ಇದ್ದರು. ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ. 1920ರ ಆಂಟ್ವರ್ಪ್ ಒಲಿಂಪಿಕ್ಸಿನಲ್ಲಿ ಭಾರತದ ಪರವಾಗಿ ಮ್ಯಾರಥಾನ್ ಓಡಿದವರು. ಹೆಸರಲ್ಲೇ ಎರಡೆರಡು 'ಅಪ್ಪ' ಇದ್ದರೂ ಬೆಂಗಳೂರಿನ ನಮಗೆ ಈ ಹೆಸರು ಅಪರಿಚಿತ. ಕಿಪ್‌ಚೋಗೆ ಯಾವ ಶೂ ಹಾಕ್ತಾನೆ ಅಂತ ಕೇಳಿ, ಮಾಡೆಲ್ ನಂಬರ್ ಸಮೇತ ಹೇಳ್ತೀವಿ.

ಕತೆ ಶುರುವಾಗೋದು ಪುಣೆಯಲ್ಲಿ. ಬೆಳಗಾವಿ ಆಗ ಬಾಂಬೆ ಪ್ರೆಸಿಡೆನ್ಸಿಗೆ ಸೇರಿತ್ತು. 1919ರಲ್ಲಿ ಪುಣೆಯ ಡೆಕ್ಕನ್ ಜಿಮ್ಖಾನಾದವರು ಕ್ರೀಡಾಕೂಟ ನಡೆಸಿದರು. ಅಧ್ಯಕ್ಷರು ದೊರಾಬ್ಜಿ ಟಾಟಾ. ಅಲ್ಲಿ ಸುಮಾರು 25 ಮೈಲಿಯ ಓಟ ನೋಡಿ ಅವರು ದಂಗಾದರು. ಓಡಿದವರಲ್ಲಿ ಹೆಚ್ಚಿನವರು ಹೊಲದಲ್ಲಿ ದುಡಿಯುವ ಹುಡುಗರು, ಜಲ್ಲಿ ರಸ್ತೆ ಮೇಲೆ ಬರಿಗಾಲು. ಯುರೋಪಿನ ನಿಯಮ, ತರಬೇತಿ ಯಾವುದೂ ಗೊತ್ತಿಲ್ಲ. ಆದರೆ ಮೊದಲು ಬಂದವರ ಟೈಮಿಂಗ್ ಯುರೋಪಿನವರ ಪಕ್ಕ ಇಟ್ಟು ನೋಡುವಂತಿತ್ತು. ಟಾಟಾ ಬಾಂಬೆಯ ಗವರ್ನರ್ ಜಾರ್ಜ್ ಲಾಯ್ಡ್ ಅವರ ಸಹಾಯ ಪಡೆದು, ಕೈಯಿಂದ ದುಡ್ಡು ಹಾಕಿ, ಒಂದು ಸಣ್ಣ ತಂಡ ಹೊರಡಿಸಿದರು. ಕೆಲವರು ಓಟಗಾರರು, ಇಬ್ಬರು ಪೈಲ್ವಾನರು. ಇವತ್ತು ಬೆಂಗಳೂರಿನ ವರ್ಲ್ಡ್ 10ಕೆ ಬಿಬ್ ಮೇಲೆ ಟಿಸಿಎಸ್ ಅಂತ ನೋಡಿದಾಗೆಲ್ಲ ನನಗೆ ಇದು ನೆನಪಾಗುತ್ತೆ.

ಆ ಕಾಲದ ಜಾಣತನದ ಬಗ್ಗೆ ಒಂದು ಕತೆ ಹೇಳ್ತಾರೆ. ಆಯ್ಕೆ ಸಭೆಯಲ್ಲಿ 100 ಮೀಟರಿಗೆ ಎಷ್ಟು ಸಮಯ ಇರಬೇಕು ಅಂತ ಪ್ರಶ್ನೆ ಬಂತಂತೆ. ಜಿಮ್ಖಾನಾದ ಹಿರಿಯರೊಬ್ಬರು, ಒಂದೆರಡು ನಿಮಿಷ ಆಗಬಹುದು ಅಂದರಂತೆ! ಇಂಥವರ ಕೈಯಲ್ಲಿ ತಂಡದ ತಯಾರಿ.

ಈಗ ಚೌಗುಲೆಯವರ ಟೇಪರ್ ಊಹಿಸಿಕೊಳ್ಳಿ. ಬಾಂಬೆಯಿಂದ ಇಂಗ್ಲೆಂಡಿಗೆ ಹಡಗಿನಲ್ಲಿ ವಾರಗಟ್ಟಲೆ ಪ್ರಯಾಣ. ಡೆಕ್ ಮೇಲೆ ಸುತ್ತು ಹಾಕಬಹುದು, 40 ಕಿ.ಮೀ. ಓಡೋಕೆ ಜಾಗ ಎಲ್ಲಿ? ಬೆಳಗಾವಿ ಸೀಮೆಯ ಹೊಟ್ಟೆಗೆ ಅಲ್ಲಿ ಜೋಳದ ರೊಟ್ಟಿ ಬಡಿದುಕೊಡೋರು ಯಾರು? ಇಳಿದ ಮೇಲೆ ಇಂಗ್ಲೆಂಡಿನಲ್ಲಿ ಕೆಲವು ವಾರ ತರಬೇತಿ. ಬೇರೆ ಹವೆ, ಬೇರೆ ನೆಲ, ಬೇರೆ ಭಾಷೆ. ನಾವು ಹೊಸ ಸಾಕ್ಸಿಗೆ ಹೆದರ್ತೀವಿ. ಅವರಿಗೆ ಖಂಡವೇ ಹೊಸದು.

ಹಾಗಂತ ಅವರಿಗಷ್ಟೇ ತಿಳಿದಿರಲಿಲ್ಲ ಅನ್ನಬೇಡಿ, ತಿಳಿದವರು ಅನ್ನಿಸಿಕೊಂಡವರ ವಿದ್ಯೆಯೂ ಅಷ್ಟಕ್ಕಷ್ಟೇ. 1904ರ ಸೇಂಟ್ ಲೂಯಿಸ್ ಒಲಿಂಪಿಕ್ಸಿನಲ್ಲಿ ಮ್ಯಾರಥಾನ್ ಗೆದ್ದ ಥಾಮಸ್ ಹಿಕ್ಸ್‌ಗೆ ಅವನ ಕಡೆಯವರು ದಾರಿಯಲ್ಲಿ ಕೊಟ್ಟಿದ್ದು ಸ್ಟ್ರಿಕ್ನಿನ್, ಮೊಟ್ಟೆಯ ಬಿಳಿ, ಬ್ರಾಂಡಿ. ಸ್ಟ್ರಿಕ್ನಿನ್ ಅಂದರೆ ಇಲಿ ಪಾಷಾಣಕ್ಕೆ ಬಳಸ್ತಿದ್ದ ವಿಷ. ಬಿಸಿಲು, ಧೂಳಿನ ಆ ರೇಸಿನಲ್ಲಿ ನೀರನ್ನು ಬೇಕಂತಲೇ ಕಡಿಮೆ ಇಟ್ಟಿದ್ದರು. ನಾವು ಕಾರ್ಬ್ ಲೋಡಿಂಗ್ ಅಂತ ಶನಿವಾರ ಎರಡು ಪ್ಲೇಟ್ ಬಿಸಿಬೇಳೆಬಾತ್ ತಿನ್ನೋದಕ್ಕೆ ಆಧಾರವಾದ ಪ್ರಯೋಗಗಳು ಸ್ವೀಡನ್ನಿನಲ್ಲಿ ನಡೆದದ್ದು 1960ರ ದಶಕದಲ್ಲಿ.

1920ರ ಆಗಸ್ಟ್ 22. ಆಂಟ್ವರ್ಪಿನಲ್ಲಿ ತಂಪು ಹವೆ, ಮಳೆ. ಮ್ಯಾರಥಾನ್ ದೂರ ಇಂತಿಷ್ಟೇ ಅಂತ ಇನ್ನೂ ಗಟ್ಟಿಯಾಗಿರಲಿಲ್ಲ, 42.195 ಖಾಯಂ ಆಗಿದ್ದು ಮರುವರ್ಷ. ಅವತ್ತು ಓಡಬೇಕಾಗಿದ್ದು 42.75 ಕಿ.ಮೀ., ಒಲಿಂಪಿಕ್ಸಿನ ಅತಿ ಉದ್ದದ ಮ್ಯಾರಥಾನ್. ಗೆದ್ದದ್ದು ಫಿನ್ಲೆಂಡಿನ ಹಾನೆಸ್ ಕೊಲೆಹ್ಮೈನೆನ್, 2 ಗಂಟೆ 32 ನಿಮಿಷ. 1912ರಲ್ಲೇ ಮೂರು ಚಿನ್ನ ಗೆದ್ದಿದ್ದ ಆಸಾಮಿ ಅವನು. ಚೌಗುಲೆ 2 ಗಂಟೆ 50 ನಿಮಿಷ 45 ಸೆಕೆಂಡಿಗೆ ಮುಗಿಸಿ 19ನೆಯವರಾದರು.

ಪದಕ ಇಲ್ಲ, ಹಾಗಾಗಿ ಪಾಠಪುಸ್ತಕದಲ್ಲೂ ಇಲ್ಲ. ಆದರೆ ಕ್ಯಾಲ್ಕುಲೇಟರ್ ತಗೊಳ್ಳಿ: ಕಿಲೋಮೀಟರಿಗೆ ನಾಲ್ಕು ನಿಮಿಷಕ್ಕಿಂತ ಒಂದು ಕೂದಲೆಳೆ ಕಡಿಮೆ. ಇವತ್ತಿನ ದೂರಕ್ಕೆ ಇಳಿಸಿದರೆ 2 ಗಂಟೆ 48 ನಿಮಿಷದ ಆಸುಪಾಸು. ನಮ್ಮ ಕಡೆ 'ಸಬ್ ತ್ರೀ' ಓಡಬೇಕು ಅಂತ ವರ್ಷಗಟ್ಟಲೆ ಒದ್ದಾಡೋರಿಗೆ ಬೇಕಾಗಿರೋದು 4 ನಿಮಿಷ 16 ಸೆಕೆಂಡಿನ ವೇಗ. ಕಾರ್ಬನ್ ಪ್ಲೇಟಿನ ಶೂ, ಕೋಚು, ಜೆಲ್ಲು, ಹೃದಯ ಬಡಿತ ಎಣಿಸುವ ವಾಚು ಎಲ್ಲ ಇದ್ದೂ ಅದು ಬಹಳ ಜನರಿಗೆ ಸಿಗಲ್ಲ.

ಅದೇ ತಂಡದಲ್ಲಿ, ಅದೇ ರಸ್ತೆಯಲ್ಲಿ, ಇನ್ನೊಬ್ಬ ಭಾರತೀಯರೂ ಅವತ್ತು ಮ್ಯಾರಥಾನಿಗೆ ಹೊರಟಿದ್ದರು. ಸದಾಶಿವ ದಾತಾರ್. ಅವರಿಗೆ ಓಟ ಮುಗಿಸೋಕೆ ಆಗಲಿಲ್ಲ.