ಬೆಸೆಂಟ್ ನಗರದಲ್ಲಿ ರೂಪುಗೊಂಡ ಪರಂಪರೆ

ಜಾಗತೀಕರಣವೆಂದರೆ 1991ರ ನಂತರ ಬಂದದ್ದು ಎಂಬ ಎಣಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಪರದೇಶದ ಸರಕು ಬಂತು, ಅದರ ಬೆನ್ನಿಗೇ ಪರದೇಶದ ನಡೆನುಡಿ ಬಂತು, ನಮ್ಮ ಮೌಲ್ಯಗಳು ಸಡಿಲಾದವು ಎಂಬುದು ದಿನನಿತ್ಯ ಕೇಳುವ ದೂರು. ಚೆನ್ನೈನ ಬೆಸೆಂಟ್ ನಗರದ ಚರಿತ್ರೆಯನ್ನು ನೋಡಿದರೆ ಈ ದೂರಿಗೆ ಹುರುಳಿಲ್ಲ. 1970ರ ದಶಕದಲ್ಲಿ ವಸತಿ ಮಂಡಳಿ ಬೆಳೆಸಿದ ಈ ಬಡಾವಣೆಗೆ ಲಂಡನ್ನಿನಲ್ಲಿ ಹುಟ್ಟಿದ ಆನಿ ಬೆಸೆಂಟರ ಹೆಸರಿದೆ. ಅದರ ಕಡಲತೀರಕ್ಕೆ ಮದರಾಸಿನ ಬ್ರಿಟಿಷ್ ಅಧಿಕಾರಿ ಎಡ್ವರ್ಡ್ ಎಲಿಯಟ್ ಹೆಸರು, ಪಕ್ಕದ ಮೀನುಗಾರರ ಕೇರಿಯಾದ ಕುಪ್ಪಕ್ಕೆ ಅಮೆರಿಕದ ಕರ್ನಲ್ ಆಲ್ಕಾಟ್ ಹೆಸರು. ಹೊರಗಿನ ಗಾಳಿ ಇಲ್ಲಿ ಪರಂಪರೆಯನ್ನು ಕರಗಿಸಲಿಲ್ಲ. ನಾವು ಇಂದು ಪರಂಪರೆಯೆಂದು ಕೈಮುಗಿಯುವ ಭರತನಾಟ್ಯ ಈಗಿನ ರೂಪ ಪಡೆದದ್ದೇ ಆ ಗಾಳಿಯಲ್ಲಿ. ಆ ರೂಪ ಕೊಡುವಾಗ ಅದನ್ನು ತಲೆಮಾರುಗಳಿಂದ ಹೊತ್ತು ತಂದವರು ಬದಿಗೆ ಸರಿದರು. ಜಾಗತೀಕರಣದ ಬಗ್ಗೆ ಕೇಳಬೇಕಾದ ನಿಜವಾದ ಪ್ರಶ್ನೆ ಅಲ್ಲಿದೆ.

ಆಲ್ಕಾಟ್, ಬೆಸೆಂಟ್ ಇಬ್ಬರೂ ಮುನ್ನಡೆಸಿದ ಥಿಯಸಾಫಿಕಲ್ ಸೊಸೈಟಿ ಹುಟ್ಟಿದ್ದು 1875ರಲ್ಲಿ, ನ್ಯೂಯಾರ್ಕಿನಲ್ಲಿ. 1882ರಲ್ಲಿ ಅದು ಅಡ್ಯಾರ್ ನದಿಯ ದಂಡೆಯಲ್ಲಿ ತೋಟವೊಂದನ್ನು ಕೊಂಡು ನೆಲೆ ನಿಂತಿತು. ಆ ವಲಯದಲ್ಲೇ ಬೆಳೆದ ರುಕ್ಮಿಣಿ ದೇವಿ 1920ರಲ್ಲಿ, ಹದಿಹರೆಯದಲ್ಲೇ, ಇಂಗ್ಲಿಷರಾದ ಜಾರ್ಜ್ ಅರುಂಡೇಲರನ್ನು ಮದುವೆಯಾದಾಗ ಮದರಾಸಿನ ಸಂಪ್ರದಾಯಸ್ಥರು ಕೆರಳಿದ್ದರು. ಮುಂದೆ ರಷ್ಯದ ಬ್ಯಾಲೆ ನರ್ತಕಿ ಅನ್ನಾ ಪಾವ್ಲೋವಾ ಪರಿಚಯವಾಯಿತು. ಬ್ಯಾಲೆ ಕಲಿಯಲು ಹೊರಟ ರುಕ್ಮಿಣಿ ದೇವಿಯ ಕಣ್ಣನ್ನು ಅವರದೇ ನಾಡಿನ ನೃತ್ಯದ ಕಡೆಗೆ ತಿರುಗಿಸಿದವರು ಪಾವ್ಲೋವಾ. ರುಕ್ಮಿಣಿ ದೇವಿ ಪಂದನಲ್ಲೂರು ಮೀನಾಕ್ಷಿಸುಂದರಂ ಪಿಳ್ಳೈ ಅವರಲ್ಲಿ ಕಲಿತು, 1935ರ ಡಿಸೆಂಬರಿನಲ್ಲಿ ಸೊಸೈಟಿಯ ವಜ್ರಮಹೋತ್ಸವಕ್ಕೆ ದೇಶವಿದೇಶಗಳಿಂದ ಬಂದಿದ್ದವರ ಎದುರು ನರ್ತಿಸಿದರು. ಮರುವರ್ಷ ಅವರು ಕಟ್ಟಿದ ಸಂಸ್ಥೆಯ ಮೊದಲ ಹೆಸರು ಇಂಟರ್‌ನ್ಯಾಶನಲ್ ಅಕಾಡೆಮಿ ಆಫ್ ಆರ್ಟ್ಸ್. ಅದೇ ಕಲಾಕ್ಷೇತ್ರವಾಯಿತು. 1962ರಲ್ಲಿ ಅದು ಬೆಸೆಂಟ್ ನಗರಕ್ಕೆ ಅಂಟಿಕೊಂಡ ತಿರುವಾನ್ಮಿಯೂರಿನ ಈಗಿನ ಆವರಣಕ್ಕೆ ಬಂತು. 1993ರಲ್ಲಿ ಸಂಸತ್ತು ಅದಕ್ಕೆ ರಾಷ್ಟ್ರೀಯ ಮಹತ್ವದ ಸಂಸ್ಥೆಯ ಮನ್ನಣೆ ಕೊಟ್ಟಿತು.

ಬದಲಾದದ್ದು ಏನೆಂದು ತಿಳಿಯಲು ವೇದಿಕೆಯನ್ನೇ ನೋಡಬೇಕು. ಭರತನಾಟ್ಯದ ಹಿಂದಿನ ರೂಪವಾದ ಸದಿರ್‌ನ ಕಛೇರಿಯಲ್ಲಿ ನೃತ್ಯ ನಡೆಸುವ ನಟ್ಟುವನಾರರೂ ವಾದ್ಯಗಾರರೂ ನರ್ತಕಿಯ ಹಿಂದೆ ನಿಂತು, ಅವಳು ಮುಂದೆ ಬಂದರೆ ಮುಂದೆ ಬಂದು, ಹಿಂದೆ ಸರಿದರೆ ಸರಿದು ನುಡಿಸುತ್ತಿದ್ದರು. ರುಕ್ಮಿಣಿ ದೇವಿ ಅವರನ್ನು ಒಂದು ಪಕ್ಕದಲ್ಲಿ ಕೂರಿಸಿದರು. ನಡುವೆ ನರ್ತಕಿಯೊಬ್ಬಳೇ ಉಳಿದಳು. ಉಡುಪಿಗೆ ದೇವಾಲಯದ ಶಿಲ್ಪಗಳು ಮಾದರಿಯಾದವು, ಬೆಳಕಿನ ವಿನ್ಯಾಸಕ್ಕೆ ಯುರೋಪಿನ ರಂಗಭೂಮಿಯ ತಿಳಿವಳಿಕೆ ಬಂತು. ಶೃಂಗಾರ ಢಾಳಾಗಿದ್ದ ಪದಂ ಹಾಡುಗಳು ಹಿಂದೆ ಸರಿದು ಭಕ್ತಿ ಮುಂದೆ ಬಂತು. ಈ ಕೊನೆಯ ಬದಲಾವಣೆಯಲ್ಲಿ ವಿಕ್ಟೋರಿಯಾ ಕಾಲದ ಇಂಗ್ಲೆಂಡಿನ ಮರ್ಯಾದೆಯ ಕಲ್ಪನೆಯೂ ಮೇಲ್ಜಾತಿಯ ಮನೆಗಳ ಮಡಿವಂತಿಕೆಯೂ ಕೈಜೋಡಿಸಿದ್ದವು. ಈ ನೃತ್ಯವನ್ನು ಹೊತ್ತು ತಂದಿದ್ದ ದೇವದಾಸಿಯರ ಕುಣಿತದ ವಿರುದ್ಧ 1890ರ ದಶಕದಲ್ಲೇ ಮದರಾಸಿನಲ್ಲಿ ನಾಚ್ ವಿರೋಧಿ ಚಳವಳಿ ಎದ್ದಿತ್ತು. ಮೈಸೂರು ಸರ್ಕಾರ 1909ರಲ್ಲಿ ದೇವಾಲಯಗಳ ದೇವದಾಸಿ ಸೇವೆಯನ್ನು ನಿಲ್ಲಿಸಿತು, ಮದರಾಸಿನಲ್ಲಿ 1947ರಲ್ಲಿ ಕಾನೂನೇ ಬಂತು.

ಇದರಿಂದ ವ್ಯಕ್ತಿಗಳ ನಡವಳಿಕೆ ಎಷ್ಟು ಬದಲಾಯಿತೆಂಬುದಕ್ಕೆ ಕನ್ನಡಿಗರು ಚೆನ್ನೈಗೆ ಹೋಗಬೇಕಿಲ್ಲ. ಒಂದು ಕಾಲಕ್ಕೆ ಗೆಜ್ಜೆಪೂಜೆ ಎಂದರೆ ಹುಡುಗಿಯೊಬ್ಬಳನ್ನು ಸಂಸಾರಸ್ಥರ ಬದುಕಿನಿಂದ ಶಾಶ್ವತವಾಗಿ ಹೊರಗಿಡುವ ವಿಧಿ. ಎಂ.ಕೆ. ಇಂದಿರಾ ಅವರ ಅದೇ ಹೆಸರಿನ ಕಾದಂಬರಿ ಓದಿದವರಿಗೆ ಅದರ ಸಂಕಟ ಗೊತ್ತು. ಇಂದು ಅದೇ ಗೆಜ್ಜೆಪೂಜೆಗೆ ಬೆಂಗಳೂರಿನ ತಾಯಿತಂದೆಯರು ಕಾರ್ಡು ಅಚ್ಚು ಹಾಕಿಸಿ ನೆಂಟರಿಷ್ಟರನ್ನು ಕರೆಯುತ್ತಾರೆ. ಅಮೆರಿಕದಲ್ಲಿ ನೆಲೆಸಿದ ಕನ್ನಡ ಮನೆಗಳಲ್ಲಿ ಮಗಳ ರಂಗಪ್ರವೇಶ ಹೆಚ್ಚುಕಡಿಮೆ ಮದುವೆಯಷ್ಟೇ ದೊಡ್ಡ ಸಮಾರಂಭ. ಎರಡು ಮೂರು ತಲೆಮಾರಿನ ಹಿಂದೆ ಮಗಳು ವೇದಿಕೆ ಹತ್ತಿದರೆ ಮಾನ ಹೋಯಿತು ಎನ್ನುತ್ತಿದ್ದ ಮನೆತನಗಳಿಗೆ ಈಗ ಅದೇ ಮಾನದ ಗುರುತು.

ಆ ಸುಧಾರಣೆ ಆಗದಿದ್ದರೆ ಕಲೆಯೇ ಉಳಿಯುತ್ತಿರಲಿಲ್ಲ, ದೇವದಾಸಿ ಪದ್ಧತಿಯಲ್ಲಿ ಶೋಷಣೆ ಇರಲಿಲ್ಲವೇ ಎಂದು ಕೇಳಬಹುದು. ಶೋಷಣೆ ಇತ್ತು, ಪದ್ಧತಿ ಹೋದದ್ದು ಒಳ್ಳೆಯದೇ. ರುಕ್ಮಿಣಿ ದೇವಿಯ ಧೈರ್ಯ, ಶಿಸ್ತು, ಸೌಂದರ್ಯದೃಷ್ಟಿಗಳ ಬಗ್ಗೆಯೂ ನನಗೆ ಅನುಮಾನವಿಲ್ಲ. ಆದರೆ ಪದ್ಧತಿಯನ್ನು ತೆಗೆಯಲು ಆ ಹೆಂಗಸರ ವಿದ್ಯೆಯನ್ನೂ ಕೊಳಕೆಂದು ಕರೆಯಬೇಕಿರಲಿಲ್ಲ. ರುಕ್ಮಿಣಿ ದೇವಿಗೆ ಅಭಿನಯ ಹೇಳಿಕೊಟ್ಟವರು ಕಪಾಲೀಶ್ವರ ದೇವಾಲಯದ ದೇವದಾಸಿ ಮೈಲಾಪುರದ ಗೌರಿ ಅಮ್ಮಾಳ್. ನರ್ತಕಿ ಬಾಲಸರಸ್ವತಿಯೂ ಅವರಲ್ಲಿ ಅಭಿನಯ ಕಲಿತರು. ವೀಣೆ ಧನಮ್ಮಾಳರ ಮೊಮ್ಮಗಳಾದ ಬಾಲಸರಸ್ವತಿ, ಶೃಂಗಾರವನ್ನು ಶುದ್ಧಿ ಮಾಡುವ ಅಗತ್ಯವೇ ಇಲ್ಲ, ಅದೇ ಈ ನೃತ್ಯದ ಅತ್ಯುನ್ನತ ಭಾವ ಎಂದು 1975ರಲ್ಲಿ ತಮಿಳ್ ಇಸೈ ಸಂಗಂ ವೇದಿಕೆಯಲ್ಲಿ ವಾದಿಸಿದರು. ಅವರು ಶುದ್ಧಿಗೆ ಒಪ್ಪದೆಯೇ 1962ರಲ್ಲಿ ಅಮೆರಿಕದ ವೇದಿಕೆಗಳನ್ನು ಗೆದ್ದು, ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಪಾಠವನ್ನೂ ಹೇಳಿದರು. ಜಗತ್ತು ಮೆಚ್ಚಬೇಕಾದರೆ ಕಲೆಯನ್ನು ತೊಳೆಯಲೇಬೇಕು ಎಂಬ ವಾದಕ್ಕೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ.

ಅಂದಿನದು ಆದರ್ಶವಾದಿಗಳ ಕೊಡುಕೊಳ್ಳುವಿಕೆ, ಇಂದಿನದು ಬರೀ ಮಾರುಕಟ್ಟೆ ಎನ್ನುವವರಿದ್ದಾರೆ. ಎಲಿಯಟ್ಸ್ ಬೀಚಿನ ಎದುರಿನ ಕೆಫೆಗಳ ಸಾಲು ನೋಡಿದರೆ ಹಾಗೆನಿಸುವುದು ಸಹಜ. ಆದರೆ ಈಗಿನ ಗಾಳಿಯೂ ಬರೀ ಸರಕು ತಂದಿಲ್ಲ. 2023ರಲ್ಲಿ ಕಲಾಕ್ಷೇತ್ರದ ವಿದ್ಯಾರ್ಥಿಗಳು ಲೈಂಗಿಕ ಕಿರುಕುಳದ ದೂರು ಹೇಳಿ, ಕ್ರಮ ಬೇಕೆಂದು ಧರಣಿ ಕೂತರು. ಗುರುವಿನ ಎದುರು ಬಾಯಿ ತೆರೆಯಬಾರದೆಂಬ ಮೌಲ್ಯವನ್ನು ಆ ಮಕ್ಕಳು ದಾಟಿದರು. ಜಗತ್ತಿನಾದ್ಯಂತ ಹೆಣ್ಣುಮಕ್ಕಳು ದನಿಯೆತ್ತಿದ ಕಾಲದಲ್ಲಿ ಬೆಳೆದವರು ಅವರು. ಅದು ಅವರಿಗೆ ಧೈರ್ಯ ಕೊಟ್ಟಿರಲೇಬೇಕೆಂದು ನಾನು ನಂಬುತ್ತೇನೆ. 2015ರಲ್ಲಿ ಗಾಯಕ ಟಿ.ಎಂ. ಕೃಷ್ಣ ಮತ್ತು ಸಂಗಡಿಗರು ಸಭಾಗಳ ಸಂಗೀತ, ನೃತ್ಯಗಳನ್ನು ಊರೂರ್ ಆಲ್ಕಾಟ್ ಕುಪ್ಪದ ಮೀನುಗಾರರ ನಡುವೆ ತಂದಾಗಲೂ, ಕಲೆ ಯಾರ ಸೊತ್ತು ಎಂಬ ಹಳೆಯ ಪ್ರಶ್ನೆಯೇ ಮತ್ತೆ ಎದ್ದಿತು.

ಮೈಸೂರಿನ ಕಥೆಯೂ ಬೇರೆಯಲ್ಲ. ಆಸ್ಥಾನ ನರ್ತಕಿ ಜಟ್ಟಿ ತಾಯಮ್ಮ ಕುಸ್ತಿಪಟುವಿನ ಮಗಳು. ಅವರ ಶಿಷ್ಯೆ, 1992ರಲ್ಲಿ ಪದ್ಮಭೂಷಣ ಪಡೆದ ವೆಂಕಟಲಕ್ಷಮ್ಮ ಕಡೂರಿನ ತಂಗಲಿ ತಾಂಡಾದ ಲಂಬಾಣಿ ಮನೆಯವರು. ಮಗಳ ರಂಗಪ್ರವೇಶಕ್ಕೆ ಆಮಂತ್ರಣ ಅಚ್ಚು ಹಾಕಿಸುವವರು, ನಾಟ್ಯಶಾಸ್ತ್ರದ ಭರತಮುನಿಯ ಜೊತೆಗೆ ತಾಯಮ್ಮ, ವೆಂಕಟಲಕ್ಷಮ್ಮ, ಗೌರಿ ಅಮ್ಮಾಳ್, ಬಾಲಸರಸ್ವತಿಯರ ಹೆಸರನ್ನೂ ಹಾಕಿಸಲಿ. ಅವರು ಯಾವ ಮನೆಗಳಿಂದ ಬಂದವರೆಂಬುದನ್ನು ಕಲಿಸುವ ಗುರುಗಳು ಮಕ್ಕಳಿಗೆ ಮುಚ್ಚುಮರೆಯಿಲ್ಲದೆ ಹೇಳಲಿ.