ಮುಲುಂಡಿನ ಬಾಲ್ಕನಿಗೆ ಬಂದ ಕಬ್ಬಿಣದ ಬ್ಯಾಟರಿ

2020ರ ಅಕ್ಟೋಬರ್ 12, ಸೋಮವಾರ. ಬೆಳಿಗ್ಗೆ ಹತ್ತರ ಸುಮಾರು. ಆ ವರ್ಷದ ರೂಢಿಯಂತೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಆಫೀಸಿನ ಮೀಟಿಂಗಿನಲ್ಲಿದ್ದೆ. ಕರೆಂಟು ಹೋಯಿತು. ಇನ್ವರ್ಟರ್ ಟಕ್ ಎಂದು ಶುರುವಾಯಿತು. ಒಳಕೋಣೆಯಲ್ಲಿ ಅಪ್ಪನ ಆಕ್ಸಿಜನ್ ಕಾನ್ಸಂಟ್ರೇಟರ್ ಒಮ್ಮೆ ಕುಂಯ್‌ಗುಟ್ಟಿ ಮತ್ತೆ ತನ್ನ ಲಯಕ್ಕೆ ಬಂತು. ನಾನು ಮೀಟಿಂಗ್ ಮುಂದುವರಿಸಿದೆ. ಬಾಲ್ಕನಿಯಲ್ಲಿ 150 ಎಎಚ್‌ನ ಬ್ಯಾಟರಿ ಕೂತಿದೆಯಲ್ಲ, ನಾಲ್ಕು ಗಂಟೆ ಆರಾಮ ಎಂದು ಮಾರಿದವನು ಹೇಳಿದ್ದಾನಲ್ಲ.

38 ನಿಮಿಷಕ್ಕೆ ಇನ್ವರ್ಟರ್ ಕಿರುಚಿಕೊಂಡು ನಿಂತಿತು.

ಮನೆಯಲ್ಲೊಂದು ಸಣ್ಣ ಸಿಲಿಂಡರ್ ಇತ್ತು. ಅಮ್ಮ ರೆಗ್ಯುಲೇಟರ್ ಹಿಡಿದು ಕೂತರು. ಅಪ್ಪ ಮಾತಾಡದೆ ಸಿಲಿಂಡರಿನ ಮುಳ್ಳನ್ನೇ ನೋಡುತ್ತಿದ್ದರು. ನಾನು ಫೋನಿನಲ್ಲಿ ಸುದ್ದಿ ನೋಡಿದೆ: ಲೋಕಲ್ ರೈಲು ನಿಂತಿದೆ, ಸಿಗ್ನಲ್ ಇಲ್ಲ, ಇಡೀ ಮುಂಬೈ ಕತ್ತಲು. ನಮಗೆ ಕರೆಂಟು ಬಂದದ್ದು ಮಧ್ಯಾಹ್ನ ಮೂರರ ಹೊತ್ತಿಗೆ. ಸಿಲಿಂಡರಿನಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು, ಅಷ್ಟೇ.

ಆ ದಿನದಿಂದ ನನಗೆ ಎರಡು ಪ್ರಶ್ನೆ ಹತ್ತಿಕೊಂಡವು. ಮುಂಬೈಯಂಥ ಊರಿನ ಮನೆಗಳಲ್ಲಿ ಬ್ಯಾಟರಿಯ ವಿಷಯ ಇಷ್ಟು ಕಡಿಮೆ ಗೊತ್ತಿರುವುದು ಯಾಕೆ? ಈಗ ಎಲ್ಲರೂ ಹೇಳುವ ಅಗ್ಗದ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನು ನಂಬಬಹುದೇ?

ಮೊದಲನೆಯದಕ್ಕೆ ಉತ್ತರ ಸಹ್ಯಾದ್ರಿಯಲ್ಲಿದೆ. ಪುಣೆಗೆ ಹೋಗುವಾಗ ಲೋಣಾವಳಾದ ಬಳಿ ಕಾಣುವ ಕೆರೆಗಳು ಪಿಕ್ನಿಕ್ಕಿಗೆಂದು ಕಟ್ಟಿದವಲ್ಲ. ಟಾಟಾ ಹೈಡ್ರೋ-ಎಲೆಕ್ಟ್ರಿಕ್ ಕಂಪನಿ ಶುರುವಾದದ್ದು 1910ರಲ್ಲಿ. ಮಳೆಗಾಲದ ನಾಲ್ಕು ತಿಂಗಳ ನೀರನ್ನು ಮೇಲೆ ಹಿಡಿದಿಟ್ಟು, ಘಟ್ಟದ ಕೆಳಗಿನ ಖೋಪೋಲಿಗೆ ಕೊಳವೆಯಲ್ಲಿ ಇಳಿಸಿ, 1915ರಲ್ಲಿ ಮುಂಬೈನ ಹತ್ತಿ ಗಿರಣಿಗಳಿಗೆ ಕರೆಂಟು ಕೊಟ್ಟರು. ಆಮೇಲೆ 1922ರಲ್ಲಿ ಭಿವಪುರಿ, 1927ರಲ್ಲಿ ಭಿರಾ. (ನಮ್ಮ ಶಿವನಸಮುದ್ರದ ಕರೆಂಟು 1902ರಲ್ಲೇ ಕೋಲಾರದ ಚಿನ್ನದ ಗಣಿ ತಲುಪಿತ್ತು ಎಂದು ಇಲ್ಲಿನ ಗೆಳೆಯರಿಗೆ ನೆನಪಿಸುವ ಅವಕಾಶವನ್ನು ನಾನು ಬಿಡುವುದಿಲ್ಲ. ಅಲ್ಲಿ ಮೊದಲು ಗಣಿ, ಇಲ್ಲಿ ಮೊದಲು ಗಿರಣಿ. ಮನೆಗಳ ಸರದಿ ಎರಡೂ ಕಡೆ ಆಮೇಲೆಯೇ.)

ಬೆಟ್ಟದ ಮೇಲೆ ತುಂಬಿಟ್ಟ ನೀರೆಂದರೆ ಕೂಡಿಟ್ಟ ಕರೆಂಟೇ. ಭಿರಾದಲ್ಲಿ ಮುಂದೆ 150 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಘಟಕವೂ ಬಂತು: ಬೇಡಿಕೆ ಕಡಿಮೆ ಇದ್ದಾಗ ನೀರನ್ನು ಮೇಲಕ್ಕೆ ಎತ್ತುವುದು, ಬೇಕಾದಾಗ ಇಳಿಸುವುದು. ಇದರ ಮೇಲೆ 1981ರಿಂದ ಐಲ್ಯಾಂಡಿಂಗ್ ವ್ಯವಸ್ಥೆ. ಹೊರಗಿನ ಗ್ರಿಡ್ ಕೆಟ್ಟರೆ ಮುಂಬೈ ತನ್ನನ್ನು ಕಡಿದುಕೊಂಡು, ಟ್ರಾಂಬೆಯ ಮತ್ತು ಘಟ್ಟದ ಕೇಂದ್ರಗಳ ಕರೆಂಟಿನಲ್ಲೇ ದ್ವೀಪದಂತೆ ನಡೆಯಬೇಕು. ಅಂದರೆ ಮುಂಬೈ ಕರೆಂಟನ್ನು ಕೂಡಿಡಲಿಲ್ಲ ಎಂದಲ್ಲ. ಊರಿಗೆಲ್ಲ ಸೇರಿಸಿ ಕೂಡಿಟ್ಟಿತು, ಮನೆಮನೆಗೆ ಬಿಡಲಿಲ್ಲ. ಹಾಗಾಗಿಯೇ ದಾದರಿನಲ್ಲೋ ಮಾಟುಂಗದಲ್ಲೋ ಹುಟ್ಟಿ ಬೆಳೆದವರಿಗೆ ಡಿಸ್ಟಿಲ್ಡ್ ವಾಟರಿನ ಕ್ಯಾನ್ ಗೊತ್ತಿಲ್ಲ.

ಆದರೆ ಈ ಸುಖಕ್ಕೆ ಒಂದು ಗಡಿ ಇತ್ತು. 2005ರಲ್ಲಿ ನಾನು ಡೊಂಬಿವಿಲಿಯಲ್ಲಿ ಇನ್ನು ಮೂವರು ಕನ್ನಡದ ಹುಡುಗರ ಜೊತೆ ಬಾಡಿಗೆಗಿದ್ದೆ. ಆಗ ಮಹಾರಾಷ್ಟ್ರದಲ್ಲಿ ಲೋಡ್ ಶೆಡ್ಡಿಂಗ್ ಕಾಲ. ಕಲ್ಯಾಣ, ಡೊಂಬಿವಿಲಿಗಳಲ್ಲಿ ದಿನಕ್ಕೆ ಕೆಲವು ಗಂಟೆ ಕರೆಂಟಿಲ್ಲ. ಅರ್ಧ ಗಂಟೆ ಲೋಕಲ್ಲಿನಲ್ಲಿ ಹೋದರೆ ಘಾಟ್ಕೋಪರಿನಲ್ಲಿ ಜಗಜಗ ದೀಪ. ಇನ್ವರ್ಟರಿನ ಅಂಗಡಿಗಳೂ ಹಾಗೆಯೇ, ಗಡಿಯ ಆಚೆಗೇ ಹೆಚ್ಚು. ಈಗ ನಾನಿರುವ ಮುಲುಂಡ್ ಮಹಾನಗರಪಾಲಿಕೆಯ ಒಳಗೇ ಇದ್ದರೂ ಕರೆಂಟು ಕೊಡುವುದು ಬೆಸ್ಟ್ ಅಲ್ಲ, ಟಾಟಾ ಅಲ್ಲ, ರಾಜ್ಯದ ಮಹಾವಿತರಣ. 2020ರ ಆ ಸೋಮವಾರ ಮಾತ್ರ ಗಡಿಯ ಈಚೆ ಆಚೆ ಎನ್ನುವುದು ಉಳಿಯಲಿಲ್ಲ. ಪಡಘಾ–ಕಳವಾ ನಡುವಿನ 400 ಕಿಲೋವೋಲ್ಟ್ ಮಾರ್ಗಗಳು ಕೈಕೊಟ್ಟವು, ಐಲ್ಯಾಂಡಿಂಗೂ ನಿಲ್ಲಲಿಲ್ಲ.

ನಮ್ಮ ಹಳೆಯ ಬ್ಯಾಟರಿ ಕೈಕೊಟ್ಟಿದ್ದೇಕೆ ಎಂದು ಆಮೇಲೆ ಲೆಕ್ಕ ಹಾಕಿದೆ. ಸೀಸ-ಆಮ್ಲದ ಬ್ಯಾಟರಿ 1859ರಲ್ಲಿ ಫ್ರಾನ್ಸಿನ ಗ್ಯಾಸ್ತೋ ಪ್ಲಾಂಟೆ ಮಾಡಿದ್ದು. ಮೂಲದಲ್ಲಿ ಇವತ್ತಿಗೂ ಅದೇ. ಮೇಲಿನ ಲೇಬಲ್ಲಿನಲ್ಲಿ 150 ಎಎಚ್ ಎಂದಿದ್ದರೆ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಸಿ20 ಎಂದಿರುತ್ತದೆ. 20 ಗಂಟೆಯ ಕಾಲ ನಿಧಾನವಾಗಿ, 7.5 ಆಂಪಿಯರಿನಂತೆ ತೆಗೆದರೆ 150 ಎಎಚ್ ಸಿಗುತ್ತದೆ ಎಂದು ಅರ್ಥ. ಅಪ್ಪನ ಯಂತ್ರಕ್ಕೆ ಸುಮಾರು 330 ವಾಟ್ ಬೇಕು, ಇನ್ವರ್ಟರಿನ ನಷ್ಟ ಸೇರಿಸಿದರೆ ಬ್ಯಾಟರಿಯಿಂದ 32 ಆಂಪಿಯರ್. ಅಷ್ಟು ವೇಗದಲ್ಲಿ ತೆಗೆದರೆ ಸೀಸದ ಬ್ಯಾಟರಿ ಲೇಬಲ್ಲಿನಷ್ಟು ಕೊಡುವುದಿಲ್ಲ. ಇದನ್ನು ಪಾಯ್ಕರ್ಟ್ ಎಂಬ ಜರ್ಮನ್ ವಿಜ್ಞಾನಿ 1897ರಲ್ಲೇ ಸೂತ್ರವಾಗಿ ಬರೆದಿಟ್ಟಿದ್ದ. ಸುರತ್ಕಲ್ಲಿನಲ್ಲಿ ಎಂ.ಟೆಕ್ ಮಾಡಿದವನಿಗೆ ಇದು ಹೊಸದಲ್ಲ. ಆದರೆ ಮನೆಯ ಬ್ಯಾಟರಿಗೆ ಅದನ್ನು ಅನ್ವಯಿಸಿ ನೋಡುವ ವ್ಯವಧಾನ ನನಗಿರಲಿಲ್ಲ, ನೀರು ಹಾಕುವ ವ್ಯವಧಾನವೂ. ತೆರೆದು ನೋಡಿದರೆ ಎರಡು ಸೆಲ್ಲಿನಲ್ಲಿ ನೀರು ಪ್ಲೇಟಿಗಿಂತ ಕೆಳಗಿತ್ತು. ತಪ್ಪಿನಲ್ಲಿ ನನ್ನ ಪಾಲೂ ಇದೆ.

ಇನ್ನು ಎರಡನೆಯ ಪ್ರಶ್ನೆ. ಅಗ್ಗದ ವಸ್ತು ಕೊಳ್ಳುವ ಮೊದಲು ಅದು ಅಗ್ಗವಾದದ್ದು ಹೇಗೆಂದು ತಿಳಿಯಬೇಕು. ಹುಡುಕುತ್ತ ಹೋದಾಗ 1997ರ ಒಂದು ಪ್ರಬಂಧ ಸಿಕ್ಕಿತು. ಅಮೆರಿಕದ ಎಲೆಕ್ಟ್ರೋಕೆಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಬಂದದ್ದು. ಲೇಖಕರು ಮೂವರು: ಪಾಢಿ, ನಂಜುಂಡಸ್ವಾಮಿ, ಗುಡ್‌ಇನಫ್. ಅಮ್ಮನ ತವರು ನಂಜನಗೂಡಿನ ಬಳಿ. ಆ ಎರಡನೆಯ ಹೆಸರಿನ ಮೇಲೆ ನನ್ನ ಕಣ್ಣು ನಿಂತದ್ದರಲ್ಲಿ ಆಶ್ಚರ್ಯವಿಲ್ಲ. ಅಮ್ಮನಿಗೆ ಓದಿ ಹೇಳಿದೆ. "ನಂಜುಂಡಪ್ಪನೇ ಬ್ಯಾಟರಿ ಕಳಿಸ್ತಿದಾನೆ, ಕೊಂಡ್ಕೋ" ಎಂದರು. ಅಷ್ಟು ಸುಲಭವಿರಲಿಲ್ಲ.

ಜಾನ್ ಗುಡ್‌ಇನಫ್ 1980ರಲ್ಲಿ ಆಕ್ಸ್‌ಫರ್ಡಿನಲ್ಲಿದ್ದಾಗ ಲಿಥಿಯಂ ಕೋಬಾಲ್ಟ್ ಆಕ್ಸೈಡ್ ಕಂಡುಹಿಡಿದವರು. ಸೋನಿ ಕಂಪನಿ 1991ರಲ್ಲಿ ಮಾರುಕಟ್ಟೆಗೆ ತಂದ ಲಿಥಿಯಂ ಬ್ಯಾಟರಿಯ ತಳಹದಿ ಅದು. ಆದರೆ ಕೋಬಾಲ್ಟ್ ದುಬಾರಿ, ಹೆಚ್ಚಿನದು ಬರುವುದು ಕಾಂಗೋದಿಂದ. 1986ರಲ್ಲಿ ಅವರು ಆಸ್ಟಿನ್ನಿನ ಟೆಕ್ಸಸ್ ವಿಶ್ವವಿದ್ಯಾಲಯಕ್ಕೆ ಬಂದರು, ಜೊತೆಗೆ ಮದ್ರಾಸ್ ಐಐಟಿಯಲ್ಲಿ ಪಿಎಚ್.ಡಿ ಮಾಡಿದ್ದ ಅರುಮುಗಂ ಮಂತಿರಂ. ಕಬ್ಬಿಣಕ್ಕೆ ಬರೀ ಆಮ್ಲಜನಕದ ಬದಲು ಸಲ್ಫೇಟಿನಂಥ ಗುಂಪನ್ನು ಜೊತೆಮಾಡಿದರೆ ವೋಲ್ಟೇಜ್ ಏರುತ್ತದೆ ಎಂದು ಆ ಇಬ್ಬರು ತೋರಿಸಿಕೊಟ್ಟರು. ಅದೇ ದಾರಿಯಲ್ಲಿ ಮುಂದೆ ಬಂದದ್ದು ಕಬ್ಬಿಣದ ಫಾಸ್ಫೇಟ್. ಕಬ್ಬಿಣವೆಂದರೆ ನಮ್ಮ ಬಳ್ಳಾರಿಯ ಮಣ್ಣಿಗೆ ಕೆಂಪು ಬಣ್ಣ ಕೊಟ್ಟಿರುವುದು. ಫಾಸ್ಫೇಟ್ ಎಂದರೆ ಗೊಬ್ಬರದ ಚೀಲದಲ್ಲಿರುವುದು. ಅಗ್ಗದ ಮೊದಲ ಕಾರಣ ಇದು, ಪ್ರಾಮಾಣಿಕ ಕಾರಣ.

ಆ ಪ್ರಬಂಧದಲ್ಲಿ ನನಗೆ ಅತಿ ಇಷ್ಟವಾದದ್ದು ಅದರ ವಿನಯ. ಈ ವಸ್ತುವಿನಲ್ಲಿ ಕರೆಂಟು ಸಲೀಸಾಗಿ ಹರಿಯುವುದಿಲ್ಲ. ಇದ್ದ ಲಿಥಿಯಂನಲ್ಲಿ ಸುಮಾರು 60 ಪಾಲನ್ನಷ್ಟೇ ಅವರಿಗೆ ಹೊರತೆಗೆಯಲಾಯಿತು. ಹಾಗಾಗಿ ಅವರು ಹೇಳಿಕೊಂಡದ್ದಿಷ್ಟೇ: ಕಡಿಮೆ ಶಕ್ತಿ ಬೇಡುವ ಕೆಲಸಕ್ಕೆ ಇದು ಒಳ್ಳೆಯದು, ಅಗ್ಗ, ವಿಷವಲ್ಲ. ನಿಧಾನವಾಗಿ ತುಂಬಿ ಗಂಟೆಗಟ್ಟಲೆ ನಿಧಾನವಾಗಿ ಖಾಲಿಯಾಗುವ ಮನೆಯ ಬ್ಯಾಟರಿಯ ಕೆಲಸ ಅದೇ ತಾನೆ? ಮುಂದೆ ಕೆನಡಾದ ಹೈಡ್ರೋ-ಕ್ವಿಬೆಕ್‌ನೊಂದಿಗಿದ್ದ ಸಂಶೋಧಕರು ಕಣಗಳಿಗೆ ಇಂಗಾಲದ ಲೇಪ ಹಚ್ಚಿದರು, ಬೇರೆಯವರು ಕಣಗಳನ್ನು ಸಣ್ಣದು ಮಾಡಿದರು, ವಾಹನ ಓಡಿಸುವಷ್ಟು ಬಲವೂ ಬಂತು.

ನಡುವೆ ಪೇಟೆಂಟಿನ ಜಗಳ. ಜಪಾನಿನ ಎನ್‌ಟಿಟಿ ಕಂಪನಿಯ ಮೇಲೆ ಟೆಕ್ಸಸ್ ವಿಶ್ವವಿದ್ಯಾಲಯ 2001ರಲ್ಲಿ ದಾವೆ ಹೂಡಿತು; 2008ರಲ್ಲಿ 3 ಕೋಟಿ ಡಾಲರಿಗೆ ರಾಜಿಯಾಯಿತು. ಅಮೆರಿಕದ ಎ123 ಕಂಪನಿ 2012ರಲ್ಲಿ ದಿವಾಳಿಯಾಗಿ ಚೀನಾದವರ ಪಾಲಾಯಿತು. ಚೀನಾ ಮಾತ್ರ ಬಸ್ಸುಗಳಿಗೆ, ಕಾರುಗಳಿಗೆ ಇದನ್ನೇ ಹಾಕುತ್ತ ಕಾರ್ಖಾನೆಗಳನ್ನು ಬೆಳೆಸಿತು. 2022ರ ಹೊತ್ತಿಗೆ ಮೂಲ ಪೇಟೆಂಟುಗಳ ಅವಧಿಯೂ ಮುಗಿಯುತ್ತ ಬಂತು. ಅಗ್ಗದ ಎರಡನೆಯ ಕಾರಣ ಇದು, ಇದರಲ್ಲೂ ಮೋಸವಿಲ್ಲ. ಗುಡ್‌ಇನಫ್ ಅವರಿಗೆ 2019ರಲ್ಲಿ, 97ನೇ ವಯಸ್ಸಿನಲ್ಲಿ ನೊಬೆಲ್ ಬಂತು. ಪಾಢಿ, ನಂಜುಂಡಸ್ವಾಮಿ ಎಂಬ ಹೆಸರುಗಳು ಪ್ರಬಂಧದ ತಲೆಯಲ್ಲೇ ಉಳಿದವು.

ಅಗ್ಗಕ್ಕೆ ಮೂರನೆಯ ಕಾರಣವೂ ಇದೆ. ಅದು ನನಗೆ ತಿಳಿದದ್ದು ಕೊಂಡ ಮೇಲೆ.

ಮೊದಲು ಆನ್‌ಲೈನಿನಲ್ಲಿ 18,000 ರೂಪಾಯಿಗೆ 12.8 ವೋಲ್ಟಿನ, 100 ಎಎಚ್ ಎಂದು ಬರೆದಿದ್ದ ಒಂದು ಡಬ್ಬ ತರಿಸಿದೆ. ಒಂದೇ ಕೈಯಲ್ಲಿ ಎತ್ತಿದಾಗ ಖುಷಿಯಾಯಿತು, ಆಮೇಲೆ ಅನುಮಾನ. ಒಂದು 100 ಎಎಚ್ ಸೆಲ್ಲಿನ ತೂಕ ಸುಮಾರು 2 ಕಿಲೋ. ಡಬ್ಬದಲ್ಲಿ ಅಂಥವು ನಾಲ್ಕಿರಬೇಕು. ಅಂದರೆ ಸೆಲ್ಲುಗಳೇ 8 ಕಿಲೋ. ಸೂಟ್‌ಕೇಸ್ ತೂಗುವ ಕೊಕ್ಕೆಗೆ ನೇತುಹಾಕಿದೆ: ಹೊರ ಡಬ್ಬ ಸೇರಿ 7.2 ಕಿಲೋ.

ಮಲ್ಟಿಮೀಟರಿಗೆ ಇದು ಗೊತ್ತಾಗುವುದಿಲ್ಲ. ಈ ಬ್ಯಾಟರಿಯ ವೋಲ್ಟೇಜ್ ತುಂಬಿದಾಗಿನಿಂದ ಬರಿದಾಗುವ ತನಕ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದ್ದು ಕೊನೆಯಲ್ಲಿ ದಿಢೀರನೆ ಬೀಳುತ್ತದೆ. ಪೂರ್ತಿ ತುಂಬಿಸಿ, ಪೂರ್ತಿ ಖಾಲಿ ಮಾಡಿ, ಹೊರಬಂದದ್ದನ್ನು ಅಳೆಯುವುದೊಂದೇ ದಾರಿ. ಲ್ಯಾಮಿಂಗ್ಟನ್ ರೋಡಿನಲ್ಲಿ ಒಂದು ಡಿಸಿ ವಾಟ್‌ಮೀಟರ್ ಕೊಂಡೆ. ಲೋಹಾರ್ ಚಾಳಿನಲ್ಲಿ ಹುಡುಕಿ 100 ವಾಟಿನ ಮೂರು ಹಳೇ ಕಾಲದ ಬಲ್ಬು ತಂದೆ, ಅಪ್ಪನ ಯಂತ್ರಕ್ಕೆ ಬದಲಿಯಾಗಿ. ಬಾಲ್ಕನಿಯಲ್ಲಿ ಭಾನುವಾರ ಮಧ್ಯಾಹ್ನ ದೀಪ ಉರಿಸಿಕೊಂಡು ಕೂತಿದ್ದ ನನ್ನನ್ನು ಎದುರು ಕಟ್ಟಡದವರು ಏನೆಂದುಕೊಂಡರೋ. 2 ಗಂಟೆ 15 ನಿಮಿಷಕ್ಕೆ ದೀಪ ಆರಿತು. ಮೀಟರಿನಲ್ಲಿ 62 ಎಎಚ್. ನಾಲ್ಕರಲ್ಲಿ ಒಂದು ಸೆಲ್ ಹಿಂದೆ ಬಿದ್ದಿದ್ದರೂ ಒಳಗಿನ ಬಿಎಂಎಸ್ ಎಲ್ಲವನ್ನೂ ನಿಲ್ಲಿಸಿಬಿಡುತ್ತದೆ, ಆ ಅನ್ಯಾಯ ಬೇಡವೆಂದು ಎರಡು ದಿನ ನಿಧಾನವಾಗಿ ಚಾರ್ಜ್ ಮಾಡಿ ಮತ್ತೆ ಪರೀಕ್ಷಿಸಿದೆ. 63. ಮಾರಿದವರು, "ಸಾರ್, ಅದು ಮ್ಯಾಕ್ಸಿಮಮ್ ರೇಟಿಂಗ್" ಎಂದರು. ಹಣ ವಾಪಸು ಬರಲು ಏಳು ವಾರ ಹಿಡಿಯಿತು.

ಠಾಣೆಯ ಗೆಳೆಯರೊಬ್ಬರು ಬೇರೆ ಕಡೆ ಕೊಂಡದ್ದನ್ನೂ ಅದೇ ಬಲ್ಬುಗಳಿಗೆ ಹಾಕಿ ನೋಡಿದೆ. ತೂಕ 11.4 ಕಿಲೋ, ಸರಿಯಾಗಿಯೇ ಇತ್ತು. ಕೊಟ್ಟದ್ದು 78 ಎಎಚ್. ವಾಹನದಲ್ಲಿ ದುಡಿದು ಸವೆದ ಸೆಲ್ಲಿಗೆ ಹೊಸ ನೀಲಿ ಪ್ಲಾಸ್ಟಿಕ್ ಸುತ್ತಿದರೆ ತೂಕ ಕಡಿಮೆಯಾಗುವುದಿಲ್ಲವಲ್ಲ. ಸಣ್ಣ ಸೆಲ್ಲನ್ನು ತಕ್ಕಡಿ ಹಿಡಿಯುತ್ತದೆ, ಮುದಿ ಸೆಲ್ಲನ್ನು ಬಲ್ಬು ಮಾತ್ರ ಹಿಡಿಯುತ್ತದೆ.

ಮೂರನೆಯದಕ್ಕೆ 6,000 ರೂಪಾಯಿ ಹೆಚ್ಚು ಕೊಟ್ಟೆ. ಸೆಲ್ಲುಗಳ ಪರೀಕ್ಷಾ ವರದಿ ಮೊದಲೇ ಕೇಳಿ ಪಡೆದೆ. 11 ಕಿಲೋ, 101 ಎಎಚ್, ದೀಪ 3 ಗಂಟೆ 40 ನಿಮಿಷ. ಅದೂ ದೊಡ್ಡ ಕಂಪನಿಯದಲ್ಲ, ಅದೂ ಅಗ್ಗದ್ದೇ. ಆದ್ದರಿಂದ ಅಗ್ಗದ್ದು ಬೇಡವೇ ಬೇಡ ಎನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಹಳೆಯ ಇನ್ವರ್ಟರನ್ನು ಮಾತ್ರ ಬದಲಿಸಬೇಕಾಯಿತು; ಸೀಸದ ಬ್ಯಾಟರಿಗೆಂದು ಮಾಡಿದ ಅದು ಚಾರ್ಜ್ ಮಾಡುವಾಗ 14.6 ವೋಲ್ಟಿನ ಮಿತಿ ದಾಟುತ್ತಿತ್ತು. ಅಗ್ಗದ ಲೆಕ್ಕ ಹಾಕುವವರು ಈ ಖರ್ಚನ್ನು ಮರೆಯಬಾರದು.

ಕೊನೆಗೆ ಸೊಸೈಟಿಯ ಸೆಕ್ರೆಟರಿ ಕಾಕಾ ಬಂದರು. 2022ರಲ್ಲಿ ಎಲೆಕ್ಟ್ರಿಕ್ ಸ್ಕೂಟರುಗಳು ಹೊತ್ತಿ ಉರಿದ ವಿಡಿಯೋಗಳನ್ನು ನೋಡಿದ್ದರು. "ಲಿಥಿಯಂ ನಮ್ಮ ಬಿಲ್ಡಿಂಗಿನಲ್ಲಿ ಬೇಡ." ಫಾಸ್ಫೇಟಿನಲ್ಲಿ ರಂಜಕ ಆಮ್ಲಜನಕವನ್ನು ಬಿಗಿಯಾಗಿ ಹಿಡಿದಿರುತ್ತದೆ, ಬಿಸಿಯಾದರೂ ಸುಲಭಕ್ಕೆ ಬಿಡುವುದಿಲ್ಲ, ಹಾಗಾಗಿ ಬೆಂಕಿಯ ಭಯ ಬೇರೆ ಲಿಥಿಯಂ ಬ್ಯಾಟರಿಗಿಂತ ಕಡಿಮೆ ಎಂದೆ. ಕಡಿಮೆ ಎಂದೆನೇ ಹೊರತು ಇಲ್ಲವೆನ್ನಲಿಲ್ಲ. ಕೆಟ್ಟರೆ ಇದರಿಂದಲೂ ಹೊತ್ತಿಕೊಳ್ಳುವ ಅನಿಲ ಬರುತ್ತದೆ. ಫ್ಯೂಸ್ ತೋರಿಸಿದೆ, ಅಡುಗೆಮನೆಯ ಗ್ಯಾಸಿನಿಂದ ದೂರವಿಟ್ಟದ್ದನ್ನು ತೋರಿಸಿದೆ, ಬಿಸಿಲು ಬೀಳದಂತೆ ಕಟ್ಟಿದ ಚಿಕ್ಕನ್ನೂ. ಕಾಕಾ ಒಪ್ಪಿದರೋ ಇಲ್ಲವೋ, ಹೋಗುವಾಗ ಬ್ಯಾಟರಿಯ ಬೆಲೆ ಕೇಳಿದರು.

ಈಗ ಪ್ರತಿ ಅಕ್ಟೋಬರಿನ ಎರಡನೆಯ ಭಾನುವಾರ ಮೂರು ಬಲ್ಬು ಉರಿಸುತ್ತೇನೆ. ಪರೀಕ್ಷೆಯ ದಿನ ಅಪ್ಪ ಕುರ್ಚಿಯನ್ನು ಬಾಲ್ಕನಿಯ ಬಾಗಿಲಿಗೆ ಎಳೆಸಿಕೊಂಡು, ಮೂಗಿನ ನಳಿಕೆಯೊಂದಿಗೆ ಕೂತು, ಗಡಿಯಾರ ನೋಡುತ್ತಾರೆ. ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಅವರ ನಡುಗುವ ಅಕ್ಷರದಲ್ಲಿ ಸಾಲಾಗಿ ಬರೆದಿದೆ: 101, 100, 98.