ಬಿಚ್ಚಿ ಜೋಡಿಸುವ ಬಿಲ್ಲು

ಆಳೆತ್ತರದ ಬಿಲ್ಲನ್ನು ಹೊತ್ತು ದೂರಕ್ಕೆ ಹೊರಡುವವನ ಕಷ್ಟವು ಬಿಲ್ಲಿನಷ್ಟೇ ಪುರಾತನವಾದದ್ದು. ಅದನ್ನು ನಡುವೆ ಬಿಚ್ಚಿ ಒಯ್ದು, ಬೇಕಾದೆಡೆಯಲ್ಲಿ ಮತ್ತೆ ಕೂಡಿಸಿಕೊಳ್ಳುವ ಉಪಾಯವನ್ನು ಇಪ್ಪತ್ತನೆಯ ಶತಮಾನದ ಅಮೆರಿಕದವರೇ ಕಂಡುಹಿಡಿದರೆಂದು ನಂಬಿರುವವರು ನಮ್ಮ ದೇಶದ ಉಕ್ಕಿನ ಬಿಲ್ಲುಗಳನ್ನು ಒಮ್ಮೆ ನೋಡಬೇಕು. ಕೋಡು, ಮರ, ಸ್ನಾಯುಗಳನ್ನು ಅಂಟಿನಿಂದ ಬೆಸೆದು ಮಾಡಿದ ಸಂಯುಕ್ತಧನುಸ್ಸು ಮಳೆಗಾಲದ ತೇವಕ್ಕೆ ಸಡಿಲವಾಗುವುದಾದ್ದರಿಂದ, ಮೊಗಲರ ಕಾಲದ ಹಿಂದೂಸ್ಥಾನದಲ್ಲಿ ಅದೇ ಆಕಾರದ ಬಿಲ್ಲನ್ನು ಉಕ್ಕಿನಲ್ಲಿಯೂ ಮಾಡುತ್ತಿದ್ದರು. ಅವುಗಳಲ್ಲಿ ಕೆಲವು ಹಿಡಿಯ ಬಳಿ ತಿರುಪಿನಿಂದ ಎರಡು ಭಾಗಗಳಾಗಿ ಬಿಚ್ಚಿಕೊಳ್ಳುತ್ತವೆ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಶ್ರೀಮಂತರು ಸಾರೋಟಿನೊಳಗೆ ಹಿಡಿಸಲೆಂದು, ಹಿಡಿಯಲ್ಲಿ ಲೋಹದ ಕೊಳವೆಯಿಟ್ಟು ಎರಡು ತುಂಡಾಗಿಸಿದ ಬಿಲ್ಲುಗಳನ್ನು ಮಾಡಿಸಿಕೊಂಡರು.

ಆದರೆ ಇಂದು ಹಳೆಯ ಸಾಮಾನಿನ ಅಂಗಡಿಗಳಲ್ಲಿಯೂ ಬಿಲ್ಲುಪ್ರಿಯರ ಕೈಬದಲಾವಣೆಯಲ್ಲಿಯೂ ದೊರೆಯುವ ಟೇಕ್‌ಡೌನ್ ರಿಕರ್ವ್ ಬಿಲ್ಲಿನ ವಂಶಾವಳಿಯು ಇವಕ್ಕಿಂತ ಜಟಿಲವಾದದ್ದು. ರಿಕರ್ವ್ ಎಂದರೆ ತುದಿಗಳು ಬಿಲ್ಲಾಳಿನಿಂದ ಆಚೆಗೆ ಬಾಗಿರುವ ಬಿಲ್ಲು. ಹೆದೆಯೇರಿಸಿದಾಗ ಹೆದೆಯು ಆ ಬಾಗಿನ ಮೇಲೆ ಸ್ವಲ್ಪ ದೂರ ಮಲಗಿರುತ್ತದೆ. ಎಳೆದಂತೆಲ್ಲ ಅಲ್ಲಿಂದ ಏಳುತ್ತ, ಸೆಳೆತದ ಕೊನೆಯ ಅಂಗುಲಗಳಲ್ಲಿ ಭಾರವು ಒಮ್ಮೆಗೇ ಏರದಂತೆ ಕಾಯುತ್ತದೆ. ಆದ್ದರಿಂದಲೇ ಗಿಡ್ಡ ಬಿಲ್ಲಿನಲ್ಲಿಯೂ ಹೆಚ್ಚಿನ ಶಕ್ತಿಯನ್ನು ಕೂಡಿಡಲು ಸಾಧ್ಯವಾಗುತ್ತದೆ. ಮಧ್ಯ ಏಷ್ಯದ ಕುದುರೆಸವಾರರಿಗೂ ತುರ್ಕರಿಗೂ ಶತಮಾನಗಳಿಂದ ಕರಗತವಾಗಿದ್ದ ಈ ವಿದ್ಯೆಯನ್ನು ಪಶ್ಚಿಮದವರು ಗಣಿತದ ಕಣ್ಣಿನಿಂದ ನೋಡತೊಡಗಿದ್ದು ತೀರ ಈಚೆಗೆ. ಭೌತವಿಜ್ಞಾನಿ ಪಾಲ್ ಕ್ಲಾಪ್‌ಸ್ಟೆಗ್ 1934ರಲ್ಲಿ ತುರ್ಕರ ಸಂಯುಕ್ತಧನುಸ್ಸಿನ ಮೇಲೆ ಒಂದು ಗ್ರಂಥವನ್ನೇ ಬರೆದನು. ಅವನ ಸಮಕಾಲೀನನಾದ ಕ್ಲಾರೆನ್ಸ್ ಹಿಕ್‌ಮನ್ ಬಿಲ್ಲಿನ ತೋಳಿನಲ್ಲಿ ಒತ್ತಡವು ಹೇಗೆ ಹಂಚಿಹೋಗುತ್ತದೆಂಬುದನ್ನು ಲೆಕ್ಕ ಹಾಕಿದನು. ಎರಡನೆಯ ಮಹಾಯುದ್ಧದ ತರುವಾಯ ದೊರೆತ ಫೈಬರ್‌ಗ್ಲಾಸ್, ಮರದ ಪದರಗಳ ಹೊರಮೈಗೂ ಒಳಮೈಗೂ ಅಂಟಿಕೊಂಡು, ಹಿಂದೆ ಸ್ನಾಯುವೂ ಕೋಡೂ ಮಾಡುತ್ತಿದ್ದ ಕೆಲಸವನ್ನು ತಾನು ವಹಿಸಿಕೊಂಡಿತು.

ಈ ಕಥೆಯಲ್ಲಿ ಫ್ರೆಡ್ ಬೇರ್ ಎಂಬ ಹೆಸರನ್ನು ಬಿಟ್ಟು ಮುಂದೆ ಹೋಗಲಾಗದು. 1902ರಲ್ಲಿ ಪೆನ್ಸಿಲ್ವೇನಿಯದಲ್ಲಿ ಜನಿಸಿದ ಈತನು ಡೆಟ್ರಾಯಿಟ್‌ನ ಮೋಟಾರು ಕಾರ್ಖಾನೆಯಲ್ಲಿ ಅಚ್ಚಿನ ಮಾದರಿಗಳನ್ನು ಕೆತ್ತುವ ಕುಶಲಕರ್ಮಿಯಾಗಿದ್ದನು. ಬಿಲ್ಲುಬೇಟೆಗಾರ ಆರ್ಥರ್ ಯಂಗ್‌ನ ಅಲಾಸ್ಕ ಯಾತ್ರೆಯ ಚಲನಚಿತ್ರವನ್ನು ಆ ಊರಿನಲ್ಲಿ ನೋಡಿದಂದಿನಿಂದ ಅವನ ಮನಸ್ಸು ಬಿಲ್ಲಿನಲ್ಲಿ ನೆಟ್ಟಿತು. 1933ರಲ್ಲಿ ಸ್ವಂತ ಉದ್ಯಮವನ್ನಾರಂಭಿಸಿ, 1947ರಲ್ಲಿ ಅದನ್ನು ಮಿಷಿಗನ್ನಿನ ಗ್ರೇಲಿಂಗ್ ಎಂಬ ಚಿಕ್ಕ ಪಟ್ಟಣಕ್ಕೆ ಸಾಗಿಸಿದನು. ದೂರದ ಕಾಡುಗಳಿಗೆ ಪುಟ್ಟ ವಿಮಾನಗಳಲ್ಲಿ ಹೋಗಿಬರುತ್ತಿದ್ದ ಅವನಿಗೆ ಐದಡಿಯ ಬಿಲ್ಲು ಎಷ್ಟು ದೊಡ್ಡ ತೊಡಕೆಂಬುದು ಅನುಭವದಿಂದಲೇ ತಿಳಿದಿತ್ತು. ಹಲವು ವರ್ಷಗಳ ಪ್ರಯೋಗದ ಫಲವಾಗಿ, 1970ರ ಹೊತ್ತಿಗೆ ಅವನ ಟೇಕ್‌ಡೌನ್ ಬಿಲ್ಲು ಮಾರಾಟಕ್ಕೆ ಬಂದಿತು: ನಡುವೆ ಮರದ ಅಥವಾ ಮೆಗ್ನೀಸಿಯಮ್ಮಿನ ಹಿಡಿ, ಅದಕ್ಕೆ ಎರಡು ತೋಳುಗಳು, ತಿರುಪೂ ಇಲ್ಲ, ಉಪಕರಣವೂ ಬೇಡ, ತೋಳಿನ ಬುಡವನ್ನು ಜಾಗದಲ್ಲಿಟ್ಟು ಚಿಲಕವನ್ನೊತ್ತಿದರೆ ಸಾಕು. ತೋಳುಗಳನ್ನು ಬೋಲ್ಟಿನಿಂದ ಬಿಗಿಯುವ ಬಿಲ್ಲುಗಳು ಬಹಳ ಬಂದವು. ಈ ಚಿಲಕದ ಸೊಗಸು ಅವುಗಳಿಗಿಲ್ಲವೆಂದೇ ನನ್ನ ಅಭಿಪ್ರಾಯ.

ದುರದೃಷ್ಟವೆಂದರೆ, ರಿಕರ್ವ್ ತನ್ನ ಪರಿಪಾಕವನ್ನು ಮುಟ್ಟಿದ ಆ ಗಳಿಗೆಯಲ್ಲಿಯೇ ಅದರ ಪೇಟೆಯು ಕುಸಿಯತೊಡಗಿತು. ಮಿಸೌರಿಯ ಹಾಲಿಸ್ ವಿಲ್ಬರ್ ಆಲನ್ ಎಂಬಾತನಿಗೆ 1969ರ ಡಿಸೆಂಬರಿನಲ್ಲಿ ರಾಟೆಗಳುಳ್ಳ ಕಾಂಪೌಂಡ್ ಬಿಲ್ಲಿನ ಪೇಟೆಂಟು ದೊರೆಯಿತು. ಪೂರ್ಣ ಸೆಳೆತದಲ್ಲಿ ಭಾರವನ್ನು ತಗ್ಗಿಸಿಕೊಡುವ ಆ ಯಂತ್ರವು ಬೇಟೆಗಾರರ ಮನಸ್ಸನ್ನು ಕೆಲವೇ ವರ್ಷಗಳಲ್ಲಿ ಗೆದ್ದುಕೊಂಡಿತು. 1972ರಲ್ಲಿ ಬಿಲ್ವಿದ್ಯೆಯು 52 ವರ್ಷಗಳ ಬಳಿಕ ಒಲಿಂಪಿಕ್ಸಿಗೆ ಮರಳಿ, ಮ್ಯೂನಿಕ್ಕಿನಲ್ಲಿ ಜಾನ್ ವಿಲಿಯಮ್ಸನೂ ಡೊರೀನ್ ವಿಲ್ಬರಳೂ ರಿಕರ್ವ್ ಹಿಡಿದು ಚಿನ್ನವನ್ನು ಗೆದ್ದರೂ, ಅಮೆರಿಕದ ಕಾಡುಗಳಲ್ಲಿ ಅದರ ಕಾಲವು ಹಿಂದೆ ಸರಿಯುತ್ತಿತ್ತು. ಕಾರ್ಮಿಕರ ಮುಷ್ಕರವೊಂದರ ತರುವಾಯ, 1978ರಲ್ಲಿ, ಬೇರ್‌ನ ಕಾರ್ಖಾನೆಯೂ ಗ್ರೇಲಿಂಗನ್ನು ಬಿಟ್ಟು ಫ್ಲಾರಿಡದ ಗೇನ್ಸ್‌ವಿಲ್ಲಿಗೆ ಹೋಯಿತು. ಹೀಗೆ, ಅತ್ಯುತ್ತಮ ಮರದಿಂದ, ನುರಿತ ಕೈಗಳಿಂದ ಸಿದ್ಧವಾದ ಎಷ್ಟೋ ಬಿಲ್ಲುಗಳು ಮೋಟಾರುಮನೆಗಳ ಅಟ್ಟವನ್ನು ಸೇರಿದವು. ಇಂದು ಅವು ಎರಡನೆಯ ಕೈಗೆ ದೊರೆಯುವುದು ಈ ಉಪೇಕ್ಷೆಯ ಫಲವೇ. ಹೆಚ್ಚು ಬಳಕೆಯಾಗದೆ ಉಳಿದದ್ದರಿಂದಲೇ ಅವುಗಳಲ್ಲಿ ಕೆಲವು ಹೊಸತರಂತಿವೆ.

ಅಂಥ ಬಿಲ್ಲನ್ನು ಕೊಳ್ಳುವಾಗ ಮೊದಲು ಓದಬೇಕಾದದ್ದು ಅದರ ಮೈ. ತೋಳನ್ನು ಬೆಳಕಿಗೊಡ್ಡಿ ಸವರಿದರೆ, ಗಾಜಿನ ಪದರದಡಿಯಲ್ಲಿ ಉದ್ದಕ್ಕೆ ಸಾಗುವ ಸಣ್ಣ ಗೆರೆಗಳು ಕಾಣಬಹುದು. ಅವು ಬಹುಮಟ್ಟಿಗೆ ಮುಪ್ಪಿನ ಗುರುತು, ಅಪಾಯವಲ್ಲ. ಅಡ್ಡವಾಗಿ ಬಿದ್ದ ಬಿರುಕು, ಪದರಗಳ ನಡುವೆ ಉಗುರು ಸಿಕ್ಕುವ ಸಂದು, ಇವು ಮಾತ್ರ ಬೇರೆ ಮಾತು. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಮರೆತ ಬಿಲ್ಲಿನ ಅಂಟು ಬಿಟ್ಟುಕೊಟ್ಟಿರುವ ಸಂಭವವುಂಟು. ಬೇರ್‌ನ ಹಳೆಯ ಬಿಲ್ಲುಗಳಲ್ಲಿ “ಕೆನಡಾ 1953” ಎಂಬ ಬರಹವನ್ನು ಕಂಡು, ತಮ್ಮದು ಆ ವರ್ಷದ ಬಿಲ್ಲೆಂದು ಹಿಗ್ಗುವವರು ಬಹಳ. ಅದು ಪೇಟೆಂಟಿನ ವರ್ಷವೇ ಹೊರತು ಬಿಲ್ಲಿನ ಜನ್ಮವರ್ಷವಲ್ಲ. ಕಾಲವನ್ನು ನಿರ್ಣಯಿಸಬೇಕಾದರೆ ಹಿಡಿಯಲ್ಲಿ ಕೂರಿಸಿರುವ ಲೋಹದ ನಾಣ್ಯವನ್ನು ಮುಟ್ಟಿ ನೋಡಬೇಕು. 1970ರ ದಶಕದ ಆರಂಭದವರೆಗೂ ಅದು ಮರದ ಮಟ್ಟಕ್ಕೆ ಸಮನಾಗಿದ್ದು, ಅನಂತರ ಉಬ್ಬಿ ನಿಂತಿತು. ತೋಳಿನ ಮೇಲೆ 45 ಪೌಂಡೆಂದು ಬರೆದಿದ್ದರೆ ಆ ಭಾರವು 28 ಅಂಗುಲದ ಸೆಳೆತಕ್ಕೆ ಹೇಳಿದ್ದು. 26 ಅಂಗುಲ ಮಾತ್ರ ಎಳೆಯುವವನ ಬೆರಳಿಗೆ ಅದು ಸುಮಾರು 40 ಪೌಂಡಾಗಿಯೇ ಬರುವುದು.

ಹೆದೆಯ ವಿಷಯದಲ್ಲಿ ಧಾರಾಳತನ ಸಲ್ಲದು. ಹಳೆಯ ಬಿಲ್ಲಿನ ಕೊಪ್ಪುಗಳು ಸ್ವಲ್ಪ ಹಿಗ್ಗುವ ಡಾಕ್ರಾನ್ ಹೆದೆಗೆಂದೇ ರೂಪುಗೊಂಡವು. ಈಚಿನ ಹಿಗ್ಗದ ನೂಲನ್ನು ಕಟ್ಟಿದರೆ ಬಾಣ ಬಿಟ್ಟ ಪ್ರತಿಯೊಂದು ಪೆಟ್ಟೂ ಕೊಪ್ಪಿನ ಮೇಲೆ ನೇರವಾಗಿ ಬೀಳುವುದು. ಕಾಲಿನ ಸಂದಿನಲ್ಲಿ ಬಿಲ್ಲನ್ನು ತೂರಿಸಿ ಬಗ್ಗಿಸುವ ಹಳೆಯ ರೂಢಿಯಿಂದ ತೋಳು ತಿರುಚಿಹೋಗುವುದರಿಂದ, ಹೆದೆಯೇರಿಸಲು ಬಿಲ್ಲನ್ನು ಬಗ್ಗಿಸುವುದಕ್ಕೆಂದೇ ಇರುವ ಹಗ್ಗವನ್ನು ಬಳಸುವುದೇ ಕ್ಷೇಮ. ಏರಿಸಿದ ಮೇಲೆ ಹಿಡಿಯ ಕುಳಿಯಿಂದ ಹೆದೆಗಿರುವ ದೂರವನ್ನು ಅಳೆಯಬೇಕು; ಏಳೂವರೆಯಿಂದ ಎಂಟೂಕಾಲು ಅಂಗುಲದ ನಡುವೆ ಎಲ್ಲಿಯೋ ಆ ಬಿಲ್ಲಿಗೆ ಒಪ್ಪುವ ಅಳತೆಯಿರುತ್ತದೆ. ಹೆದೆಯನ್ನು ಒಂದೆರಡು ಸುತ್ತು ಹುರಿಮಾಡಿ, ಬಾಣ ಬಿಟ್ಟು ಕೇಳಿ, ಮತ್ತೆ ಹುರಿಮಾಡಿ ಹುಡುಕುವ ಆ ಕೆಲಸವು ತಂಬೂರಿಯನ್ನು ಶ್ರುತಿಗೂಡಿಸುವುದಕ್ಕೆ ಸಮಾನವಾದದ್ದು. ಸರಿಯಾದ ಎಡೆಯಲ್ಲಿ ಕೈಗೆ ಬರುವ ನಡುಕ ಕುಗ್ಗಿ ಟಂಕಾರವು ಮೆತ್ತಗಾಗುವುದು. ಬಾಣವನ್ನು ಎರಡು ಬೆರಳುಗಳ ನಡುವೆ ಹಿಡಿದೆಳೆಯುವವನಿಗೆ ಮೇಲಿನ ತೋಳಿನ ಬುಡದಿಂದ ಹೆದೆಗಿರುವ ದೂರವು ಕೆಳಗಿನದಕ್ಕಿಂತ ಅಂಗುಲದ ಎಂಟನೆಯ ಒಂದು ಭಾಗದಿಂದ ಕಾಲುಭಾಗದವರೆಗೆ ಹೆಚ್ಚಿರಬೇಕು. ಇದು ತಲೆಕೆಳಗಾಗಿ ತೋರಿದರೆ, ಹಿಂದಿನ ಯಜಮಾನನು ತೋಳುಗಳನ್ನು ಅದಲುಬದಲಾಗಿ ಜೋಡಿಸಿಟ್ಟಿರಬಹುದೆಂದು ಮೊದಲು ಶಂಕಿಸಬೇಕು.

ಒಂದು ತೋಳು ಕೆಟ್ಟರೂ ಇಡೀ ಬಿಲ್ಲು ವ್ಯರ್ಥವಾಗದಿರುವುದೇ ಈ ಜೋಡಣೆಯ ದೊಡ್ಡ ಪ್ರಯೋಜನ. ಬೇರ್‌ನ ಹಿಡಿಗಳಲ್ಲಿ ಎ, ಬಿ, ಸಿ ಎಂಬ ಅಳತೆಗಳೂ ತೋಳುಗಳಲ್ಲಿ ಬೇರೆಬೇರೆ ಉದ್ದಗಳೂ ಭಾರಗಳೂ ಇದ್ದು, ಒಂದೇ ಹಿಡಿಗೆ ಗಿಡ್ಡ ತೋಳು ಹಾಕಿ ಪೊದೆಗಾಡಿಗೂ, ಉದ್ದನೆಯದನ್ನು ಹಾಕಿ ಬಯಲಿಗೂ ಒಯ್ಯಬಹುದು. ಆದಕಾರಣ ಹಳೆಯ ಹಿಡಿಯೊಂದು ಒಳ್ಳೆಯ ಸ್ಥಿತಿಯಲ್ಲಿ ದೊರೆತರೆ ತೋಳಿಲ್ಲವೆಂದು ಬಿಟ್ಟುಬಿಡಬಾರದು. ಜೋಡಿತೋಳುಗಳನ್ನು, ಎರಡೂ ಒಂದೇ ಭಾರದವೆಂದು ಖಚಿತಪಡಿಸಿಕೊಂಡು, ಬೇರೆಯಾಗಿ ಹುಡುಕಿ ಕೂಡಿಸಿಕೊಳ್ಳಬಹುದು.